ಬಿಚ್ಚದ ಸಾಲು

ರಾತ್ರಿ ಒಂಬತ್ತಕ್ಕ ಟೀವ್ಯಾಗ ಎರಡು ಪೇಪರು ಜಗಳಾಡತಾವ.
ಅವರದೂ ಕಾಜಿನ ಆಫೀಸು, ಇವರದೂ ಕಾಜಿನ ಆಫೀಸು,
ನಡುವ ಕರೀ ಕೋಟಿನ ಹುಡುಗಿ.
ಸಂಪಾದಕನ ಮಾರಿಗೆ ಪೇಪರು ಒಗದು
"ಸತ್ಯಕ್ಕೆ ಬೆಲೆ ಕಟ್ಟಬೇಡಿ ಸರ್" ಅಂತಾಳ
ಬೆಂಗಳೂರ ಕನ್ನಡದಾಗ.
ಮೂರು ಸಲ ತೋರಸ್ತಾರ ಆಕಿ ಮಾರಿ,
ಮೂರೂ ಸಲ ಗುಡುಗು.

ಮ್ಯಾಲಿನ ಖೋಲಿ ಬಾಡಿಗಿ ಹುಡುಗ ಕೇಳತಾನ,
"ಗುರುಬಾಯಕ್ಕ, ನೀವೂ ಪೇಪರಿನ್ಯಾಗ ಇದ್ರೆಂತಲ್ಲ,
ಹಿಂಗ ಇತ್ತೇನ್ರೀ?"

ಹಿಂಗ ಇರಲಿಲ್ಲ.
ಕಿಲ್ಲಾದಾಗ ದಸ್ತಗೀರಸಾಬರದು ಒಂದ ಮಷೀನು.
ಅನಗವಾಡಿ ಮಾಸ್ತರರ 'ನಸುಕು' ಅದರಾಗ,
ಬೇವೂರ ವಕೀಲರ 'ಸಂಜೀಮಾತು' ಸೈತ ಅದರಾಗ.
ಒಬ್ಬರು ಕುಂತ ಕಟ್ಟಿಗೆ ಇನ್ನೊಬ್ಬರು ಕೂಡತಿರಲಿಲ್ಲ,
ದಪ್ಪ ಮೊಳಿ ಮಾತ್ರ ಇಬ್ಬರಿಗೂ ಒಂದ ಪೆಟ್ಟಿಗಿ.
ಮುಂಜಾನಿ 'ಕಳ್ಳ' ಅಂತ ಜೋಡಿಸಿದ್ದನ್ನ
ಸೀಮೆಎಣ್ಣ್ಯಾಗ ತೊಳದು, ಬಿಚ್ಚಿ,
ಅದ ಒತ್ತು ಹೆಕ್ಕಿ
ಸಂಜಿಗೆ 'ಒಳ್ಳೆಯವ' ಅಂತ ಜೋಡಸತಿದ್ದೆ.
ಮೊಳಿಗೆ ನಾಚಿಕಿ ಇರಲಿಲ್ಲ.
ದಿನಕ್ಕ ಹನ್ನೆರಡು ರೂಪಾಯಿಗೆ
ನನಗೂ ಇರಲಿಲ್ಲ.

ಹತ್ತಿ ಜಿನ್ನಿಗೆ ಬೆಂಕಿ ಬಿದ್ದ ರಾತ್ರಿ
ಇಬ್ಬರೂ ಓಡಿ ಬಂದ್ರು, ಮೊದಲನೇ ಸಲ ಒಂದ ಸುದ್ದಿ ಹಿಡಕೊಂಡು:
ಹೊಳೆಬಸವ್ವ ಕಟಗೇರಿ, ವಯಸ್ಸು ಹತ್ತೊಂಬತ್ತು,
ಒಳಗ ಉಳದಾಳ. ಬಾಗಲಾ ಹೊರಗಿಂದ ಹಾಕಿತ್ತು.
ಹೆಸರು ದಪ್ಪ ಮೊಳ್ಯಾಗ ಜೋಡಿಸಿದೆ.
ತೆಲಿಕೆಳಗ ನಿಂತ ಅಕ್ಷರ ಬೆರಳಿಂದ ಓದಾಕಿ ನಾ;
ಊರಿಗೆ ಸೀದಾ ಕಾಣೂ ಮೊದಲ
ನನಗ ಉಲ್ಟಾ ಕಂಡಳು ಆಕಿ.

ನಸಿಕಿಗೆ ಜಿನ್ನಿನ ಮುನೀಮ ಸೈಕಲ್ ಮ್ಯಾಲ ಬಂದ.
ಎರಡು ಲಕೋಟಿ.
ವರ್ಷಾನಗಟ್ಟಲೆ ಜಾಹೀರಾತು, ಇವರಿಗೆ ಅರ್ಧ ಪುಟ, ಅವರಿಗೂ ಅರ್ಧ.
ಮಾಸ್ತರರು ಚಾಳೀಸು ಒರಸಿಕೊಂಡ್ರು.
ವಕೀಲರು ಎಲಿಗೆ ಸುಣ್ಣಾ ಹಚ್ಚಿದ್ರು, ಭಾಳ ಹೊತ್ತು ಹಚ್ಚಿದ್ರು.
ಯಾರೂ ಚೀರಲಿಲ್ಲ. ಗುಡುಗು ಬರಲಿಲ್ಲ.
"ಗುರುಬಾಯಿ, ಆ ಸಾಲ ತಗದಬಿಡು.
ಅಲ್ಪ ಹಾನಿ ಅನ್ನು, ಸಾಕು."

ತಗದೆ.
ಬಿಚ್ಚಲಿಲ್ಲ.
ಹೆಸರಿನ ಸುತ್ತ ದಾರಾ ಸುತ್ತಿ, ಸೆರಗಿನ್ಯಾಗ ಗಂಟು ಹಾಕಿ
ಮನಿಗೆ ತಂದೆ.
ಕಳವು ಅದು. ಬ್ಯಾರೆ ಏನಂತೀರಿ?

ಆಮ್ಯಾಲ ಎರಡೂ ಪೇಪರಿಗೆ ದಪ್ಪ 'ವ'ದ ಒತ್ತು ಸಾಲಲಿಲ್ಲ.
ದ್ಯಾಮವ್ವನ ಗುಡಿ ದ್ಯಾಮವನ ಗುಡಿ ಆತು,
ಅವ್ವ ಅನ್ನೂದು ಅವ ಆತು.
ಊರು ನಕ್ಕಿತು.
ಮಾಸ್ತರರು ವಕೀಲರ ಮ್ಯಾಲ ಹಾಕಿದ್ರು,
ವಕೀಲರು ಮಾಸ್ತರರ ಮ್ಯಾಲ.

ಇದನ್ನ ಇಷ್ಟಕ್ಕ ನಿಲ್ಲಿಸಿದ್ರ ನಾನೂ ಟೀವಿ ಹುಡುಗೀನ.
ಆದರ ಹನ್ನೊಂದನೇ ದಿನಕ್ಕ ಆಕಿ ತಾಯಿ ಪ್ರೆಸ್ಸಿಗೆ ಬಂದ್ಲು.
"ನನ್ನ ಮಗಳ ಹೆಸರು ಬಂದ ಪೇಪರು ಕೊಡ್ರೆವ್ವಾ."
ಓದಾಕ ಬರತಿರಲಿಲ್ಲ.
ಕೈಗೆ ಸಿಕ್ಕದ್ದು ಒಂದು ಕೊಟ್ಟೆ.
"ಎಲ್ಲಿ ಐತಿ?" ಅಂದ್ಲು.
ಬೆರಳಿಟ್ಟು ತೋರಿಸಿದೆ.
ಅಲ್ಲಿ ಹತ್ತಿ ದರ ಇತ್ತು.
ಅದರ ಮ್ಯಾಲ ಕೈಯಾಡಿಸಿ, ನಾಕು ಮಡಿಕಿ ಮಾಡಿ,
ಕುಬಸದಾಗ ಇಟಗೊಂಡು ಹ್ವಾದ್ಲು.

ಹಿನ್ನೀರು ಬಂತು. ಓಣಿ ಹೋಗಿ ಸೆಕ್ಟರ್ ಆತು.
ನವನಗರದ ರಸ್ತೆಗೆ ನಂಬರ್ ಅದಾವ, ನೆನಪಿಲ್ಲ.
ದಸ್ತಗೀರಸಾಬರ ಮಗ ಮೊಳಿ ಎಲ್ಲಾ ಕಿಲೋ ಲೆಕ್ಕದಾಗ ಮಾರಿದ,
ಒಂದು ಹೆಸರಿನಷ್ಟು ತೂಕ ಕಡಿಮಿ.

ಟೀವ್ಯಾಗ ಹುಡುಗಿ ಗೆದ್ಲು. ಸಿಮೆಂಟಿನ ಜಾಹೀರಾತು ಬಂತು.
ಬಾಡಿಗಿ ಹುಡುಗ ಕರೆಂಟ್ ಬಿಲ್ಲಿನ ಮ್ಯಾಲಿಂದು ಎತ್ತಿ,
"ಇದೇನ್ರೀ ದಾರಾ ಸುತ್ತಿದ್ದು, ಇಷ್ಟ ಭಾರ?"
ಮುಷ್ಟ್ಯಾಗ ಒತ್ತಿ ನೋಡತಾನ.

"ಕಾಗದ ಹಾರಬಾರದಂತ ಇಟ್ಟೀನಪಾ."

ಕೆಳಗ ಇಟ್ಟ. ಅಂಗೈಯಾಗ ಅಕ್ಷರ ಮೂಡಿದ್ದವು,
ಸೀದಾ.
ಅವ ನೋಡಲಿಲ್ಲ.
ಪ್ಯಾಂಟಿಗೆ ಕೈ ಒರಸಿಕೊಂಡು
ರಿಮೋಟ್ ತಗೊಂಡ.